ಸತ್ತ ಮೇಲಾದ ಗಾಯ

ರೋಸಮ್ಮನ ಮೊದಲ ಫೋನ್ ಬಂದಾಗ ವಿಶಾಖಾ ಪ್ರಯೋಗಾಲಯದ ನಲ್ಲಿಯ ಮುಂದೆ ನಿಂತು ಗಾಜಿನ ತಟ್ಟೆಗಳನ್ನು ತೊಳೆಯುತ್ತಿದ್ದಳು. ಗಣಪತಿ ಹಬ್ಬ ಮುಗಿದಿದ್ದರೂ ಬೀದರಿನಲ್ಲಿ ಮಳೆ ಇನ್ನೂ ಹಿಡಿದುಕೊಂಡೇ ಇತ್ತು. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಫೋನ್ ಎತ್ತಿದಳು.

“ಮೀನಿನ ಡಾಕ್ಟರ್ ಮೇಡಂ ಏನ್ರಿ?”

“ಡಾಕ್ಟರ್ ಅಲ್ರಿ. ಮೀನಿನ ರೋಗದ ಲ್ಯಾಬಿನಾಗ ಕೆಲಸ ಮಾಡ್ತೇನಿ. ಹೇಳ್ರಿ.”

“ನಾ ಹಲಬರ್ಗಾದಿಂದ ರೋಸಮ್ಮ ಮಾತಾಡ್ಲತ್ತೀನಿ ರಿ. ನಮ್ಮ ಹೊಂಡದಾಗ ಮೀನ ಸಾಯ್ಲತ್ತಾವ. ಮೈಮ್ಯಾಲ ಕೆಂಪನ ಹುಣ್ಣ ಆಗ್ಯಾವ. ಮುಂಜಾನಿ ಎದ್ದು ನೋಡಿದ್ರ ದಂಡಿಗಿ ತೇಲ್ತಿರ್ತಾವ ನೋಡ್ರಿ.”

ವಿಶಾಖಾ ಔರಾದಿನವಳು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಬೀದರಿನ ಒಂದು ಪ್ರಯೋಗಾಲಯದಲ್ಲಿ ಗುತ್ತಿಗೆಯ ಮೇಲೆ ಸಂಶೋಧನಾ ಸಹಾಯಕಿಯಾಗಿದ್ದಳು. ಬೀದರ, ಭಾಲ್ಕಿ, ಔರಾದ ತಾಲೂಕುಗಳ ಹೊಂಡಗಳಲ್ಲಿ ಸಾಕುವ ಮೀನುಗಳಿಗೆ ಯಾವ ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆ, ಬಂದಾಗ ಮೀನಿನ ಮೈ ಅದನ್ನು ಹೇಗೆ ಎದುರಿಸುತ್ತದೆ ಎಂದು ನೋಡುವುದು ಅವಳ ಯೋಜನೆಯ ಕೆಲಸ. ವಯಸ್ಸು ಮೂವತ್ತನಾಲ್ಕು. ಮೈಲೂರಿನಲ್ಲಿ ಹಮೀದುನ್ನಿಸಾ ಎಂಬ ಮುದುಕಿಯ ಮನೆಯ ಮಾಳಿಗೆಯ ಮೇಲೆ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದಳು. ಸಂಜೆ ಬಂದು ಬೀಗ ತೆಗೆದರೆ ಬೆಳಗ್ಗೆ ಮತ್ತೆ ಹಾಕುವವರೆಗೆ ಆ ಖೋಲಿಯಲ್ಲಿ ಮಾತೆನ್ನುವುದು ಇರುತ್ತಿರಲಿಲ್ಲ.

ಮರುದಿನ ಅವಳು ಐಸು ತುಂಬಿದ ಡಬ್ಬಿ, ಸಿರಿಂಜು, ಗಾಜಿನ ಕೊಳವೆಗಳನ್ನು ಹೊತ್ತು ಭಾಲ್ಕಿ ಬಸ್ಸು ಹತ್ತಿದಳು. ಹಲಬರ್ಗಾದಲ್ಲಿ ಇಳಿದಾಗ ಇಸ್ತ್ರಿ ಮಾಡಿದ ಕಾಟನ್ ಸೀರೆಯ, ಎತ್ತರದ ಹೆಂಗಸೊಬ್ಬಳು ಕೊಡೆ ಹಿಡಿದು ನಿಂತಿದ್ದಳು. ಬಂದವಳನ್ನು ಅಡಿಯಿಂದ ಮುಡಿವರೆಗೆ ನೋಡಿ ಕೇಳಿದ ಮೊದಲ ಮಾತು ಮೀನಿನದಾಗಿರಲಿಲ್ಲ.

“ನಾಷ್ಟಾ ಆಗ್ಯಾದೇನ್ರಿ?”

“ಆಗ್ಯಾದ್ರಿ.”

“ಮಾರಿ ನೋಡಿದ್ರ ಆದಂಗ ಕಾಣಂಗಿಲ್ಲ. ನಡೀರಿ, ಮೊದಲ ಉಪ್ಪಿಟ್ಟು ತಿನ್ರಿ. ಆಮ್ಯಾಲ ಹೊಂಡ ನೋಡ್ರಿ.”

ಆ ಕೇಳುವ ರೀತಿ ರೋಸಮ್ಮನಿಗೆ ಇಡೀ ಆಯುಷ್ಯದ ಕೆಲಸದಿಂದ ಬಂದದ್ದು. ಮಿಷನ್ನಿನವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅವಳು ವಾರ್ಡನ್ ಆಗಿದ್ದಳು. ಹುಡುಗಿಯರ ಜ್ವರ, ಹೇನು, ಹೋಂವರ್ಕು, ಅಳು ಎಲ್ಲ ಅವಳ ಪಾಲಿಗೆ. ಮದುವೆಯಾಗಿರಲಿಲ್ಲ. ಊರೂರಿಗೆ ಬಸ್ಸು, ತಾಲೂಕಿಗೊಂದು ಸರಕಾರಿ ಹಾಸ್ಟೆಲ್ಲು ಆದ ಮೇಲೆ ಹುಡುಗಿಯರು ಬರುವುದು ಕಡಿಮೆಯಾಗಿ, ಕೊನೆಗೆ ಆ ಹಾಸ್ಟೆಲ್ ಮುಚ್ಚಿತು. ಅವಳು ತಂದೆ ತನ್ನ ಹೆಸರಿಗೆ ಬರೆದಿದ್ದ ಹೊಲಕ್ಕೆ ಬಂದು ಎರಡು ಖೋಲಿ ಕಟ್ಟಿಸಿಕೊಂಡಳು. ತೊಗರಿ, ಸೋಯಾ ಬೆಳೆಯಲು ಹೊಲವನ್ನು ಪಾಲಿಗೆ ಕೊಟ್ಟಳು. ಸರಕಾರದ ಸಹಾಯದಿಂದ ಹೊಂಡ ತೋಡಿಸಿ, ಅದರಲ್ಲಿ ರೋಹು, ಕಾಟ್ಲಾ ಮರಿ ಬಿಟ್ಟಳು.

“ಸಂಜಿಮುಂದ ಹಿಂಡಿ ತಗೊಂಡು ದಂಡಿಗಿ ನಿಂತು ಕೈ ಬಡದ್ರ ಎಲ್ಲಾವು ಬರ್ತಾವ್ರಿ,” ಎಂದಳು ಹೊಂಡದ ಕಡೆ ನಡೆಯುತ್ತ. “ಹುಡುಗ್ಯಾರು ಗಂಟಿ ಹೊಡದ್ರ ಊಟಕ್ಕ ಬರ್ತಿದ್ದರಲ್ಲ, ಹಂಗೇ.”

ಅವತ್ತು ಅವಳು ಕೈ ತಟ್ಟಿದರೂ ಕೆಲವು ಮಾತ್ರ ಬಂದವು. ಉಳಿದವು ನೀರಿನ ಮೇಲ್ಗಡೆ ಮಂಕಾಗಿ ತೇಲಿದಂತೆ ಈಜುತ್ತಿದ್ದವು. ಹೊಲದ ಕೆಲಸಕ್ಕಿದ್ದ ಚಾಂದ ಪಾಶಾ ಬಲೆ ಎಳೆದ. ಬಲೆಗೆ ಬಿದ್ದ ಮೀನುಗಳ ರೆಕ್ಕೆಯ ಬುಡ ಕೆಂಪಾಗಿತ್ತು, ಹೊಟ್ಟೆ ಊದಿಕೊಂಡಿತ್ತು, ಕೆಲವದರ ಪಕ್ಕೆಯಲ್ಲಿ ಹುರುಪೆ ಉದುರಿ ಮಾಂಸ ಕಾಣುವ ಹುಣ್ಣು. ಮಳೆಯ ನೀರು ಹೊಲದ ಗೊಬ್ಬರವನ್ನೆಲ್ಲ ಹೊಂಡಕ್ಕೆ ಎಳೆದು ತಂದಿತ್ತು. ಮೇಲಾಗಿ ಹೊಂಡಕ್ಕೆ ಹಿಡಿಸುವುದಕ್ಕಿಂತ ಹೆಚ್ಚು ಮೀನು ಅದರಲ್ಲಿದ್ದವು.

ಸಾಯುತ್ತಿದ್ದ ಒಂದೆರಡು ಮೀನುಗಳನ್ನು ವಿಶಾಖಾ ಅಲ್ಲೇ ಕೊಯ್ದು ಮೂತ್ರಪಿಂಡದಿಂದ ಮಾದರಿ ತೆಗೆದಳು. ಪ್ರಯೋಗಾಲಯದ ತಟ್ಟೆಯಲ್ಲಿ ಹಳದಿ ಚುಕ್ಕೆಗಳಾಗಿ ಬೆಳೆದದ್ದು ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾ. ಅದು ಎಲ್ಲ ಹೊಂಡದ ನೀರಿನಲ್ಲೂ ಇರುತ್ತದೆ. ನೀರು ಕೆಟ್ಟು, ಮೀನು ಬಳಲಿದಾಗ ಮೈಯೊಳಗೆ ನುಗ್ಗುತ್ತದೆ. ಯಾವ ಔಷಧಕ್ಕೆ ಅದು ಸಾಯುತ್ತದೆಂದು ನೋಡಿ, ಆ ಔಷಧವನ್ನು ಹಿಂಡಿಯಲ್ಲಿ ಕಲಸಿ ಹಾಕಲು ವಿಶಾಖಾ ಹೇಳಿದಳು. ಸುಣ್ಣ ಹಾಕಿಸಿದಳು. ಹೊಸ ನೀರು ಬಿಡಿಸಿದಳು. ಮೀನನ್ನು ಕಡಿಮೆ ಮಾಡಿಸಿದಳು. ರೋಗ ತಗಲದ ದೊಡ್ಡ ಮೀನುಗಳನ್ನು ಬೀದರ ಮಾರ್ಕೆಟ್ಟಿನ ಮೀನು ವ್ಯಾಪಾರಿ ಶರಫೋದ್ದೀನ ಬಂದು ಒಯ್ದ. ಔಷಧ ತಿಂದ ಮೀನು ಮಾರಬಾರದೆಂದು, ಔಷಧ ಹಾಕುವ ಮೊದಲೇ ಅದಾಯಿತು. ನವರಾತ್ರಿ ಬರುವ ಹೊತ್ತಿಗೆ ಸಾವು ನಿಂತಿತು.

ಆದರೆ ವಿಶಾಖಾಳ ಕೆಲಸ ಮುಗಿದಿರಲಿಲ್ಲ. ರೋಗದಿಂದ ಉಳಿದ ಮೀನುಗಳ ರಕ್ತದಲ್ಲಿ ಪ್ರತಿಕಾಯಗಳು ಎಷ್ಟು ದಿನ ಇರುತ್ತವೆಂದು ಯೋಜನೆಗೆ ಬೇಕಿತ್ತು. ಅದಕ್ಕಾಗಿ ಅವಳು ಮತ್ತೆ ಮತ್ತೆ ಹಲಬರ್ಗಾಕ್ಕೆ ಹೋದಳು. ಲವಂಗದೆಣ್ಣೆ ಬೆರೆಸಿದ ನೀರಿನಲ್ಲಿ ಮೀನಿಗೆ ಮಂಪರು ಬರಿಸಿ, ಬಾಲದ ಬುಡದಿಂದ ಸ್ವಲ್ಪವೇ ರಕ್ತ ಎಳೆದು, ಚೇತರಿಸಿಕೊಂಡ ಮೇಲೆ ಹೊಂಡಕ್ಕೆ ಬಿಡುವಳು. ರೋಸಮ್ಮ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದುಕೊಳ್ಳುವಳು.

“ಈ ರಕ್ತದಾಗ ಏನ ನೋಡ್ತೀರಿ?”

“ಆ ರೋಗದ ಬ್ಯಾಕ್ಟೀರಿಯಾ ಸಾಯಿಸಿ ಇಟ್ಟಿರ್ತೇವ್ರಿ. ರಕ್ತದ ತಿಳಿ ತಗದು ಸಣ್ಣ ಸಣ್ಣ ಕುಣಿ ಇರೋ ತಟ್ಟಿಯೊಳಗ ಅದರ ಸಂಗಟ ಕೂಡಸ್ತೇವಿ. ಮೀನಿಗಿ ಆ ರೋಗದ ಗುರ್ತ ಇದ್ದರ ಬ್ಯಾಕ್ಟೀರಿಯಾ ಒಂದಕ್ಕೊಂದು ಹತ್ತಿಕೊಂಡು ತಳದಾಗ ಜಾಳಗಿ ಹಾಸಿದಂಗ ಹರಡ್ತಾವ. ಗುರ್ತ ಇಲ್ಲಂದ್ರ ಅಂಗಿ ಗುಂಡಿಯಂಗ ಒಂದೇ ಕಡಿ ಕುಂದರ್ತಾವ.”

“ನಮ್ಮ ಹುಡುಗ್ಯಾರಿಗಿ ದಡಾರ ಬಂದಂಗ. ಒಮ್ಮಿ ಬಂದು ಹೋದವರ ಕೈಲೇ ಉಳಿದವರಿಗಿ ಗಂಜಿ ಕೊಡಸ್ತಿದ್ದೆ ನಾ.”

“ಬರೋಬರ್ ಹಂಗೇ. ಮೀನಿಗಿ ಅಷ್ಟ ಗಟ್ಟಿ ಇರಂಗಿಲ್ಲ. ಥಂಡಿ ಬಿತ್ತಂದ್ರ ಅವುಗಳ ಮೈ ನಿಧಾನ ಆಗ್ತದ.”

ಕೆಲವೇ ವಾರಗಳಲ್ಲಿ ‘ಮೇಡಂ’ ಹೋಗಿ ‘ವಿಶಾಖಾ’ ಆಯಿತು, ‘ನೀವು’ ಹೋಗಿ ‘ನೀ’ ಆಯಿತು. ವಿಶಾಖಾ ‘ಆಂಟಿ’ ಎಂದು ಕರೆಯತೊಡಗಿದಳು. ಕೆಲಸವಾದ ಮೇಲೆ ಊಟ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿಪುಡಿ. ಒಂದು ರೊಟ್ಟಿ ಸಾಕೆಂದರೆ ರೋಸಮ್ಮ ಕೇಳುತ್ತಿರಲಿಲ್ಲ; ಮೇಜಿನಾಚೆ ಕೂತು, ತಟ್ಟೆ ಖಾಲಿಯಾಗುವವರೆಗೆ ನೋಡುತ್ತಿದ್ದಳು. ಬಸ್ಸಿಗೆ ಬಿಡಲು ಕೂಡ ಬರುತ್ತಿದ್ದಳು.

ಔರಾದಿನಲ್ಲಿ ವಿಶಾಖಾಳ ಮನೆ ತುಂಬಿತ್ತು. ತಾಯಿ ಶಾಲುಬಾಯಿ, ತಮ್ಮ ಕುಣಾಲ, ಅವನ ಹೆಂಡತಿ, ಎರಡು ಮಕ್ಕಳು. ಆದರೆ ಆ ತುಂಬಿದ ಮನೆಯಲ್ಲಿ ಅವಳು ಎಲ್ಲಿ ಕೂತರೂ ಯಾರಿಗೋ ಅಡ್ಡಿಯಾಗುತ್ತಿತ್ತು. ಅವಳು ಓದಿದ ಖೋಲಿ ಈಗ ಮಕ್ಕಳ ಖೋಲಿ. ತಾಯಿ ಒಳ್ಳೆಯವಳೇ. ಆದರೆ ಮಗಳ ಮುಖ ಕಂಡ ಕೂಡಲೇ ಯಾರದೋ ಮನೆಯ ಗಂಡಿನ ಮಾತು ತೆಗೆಯುತ್ತಿದ್ದಳು. “ಹುಡುಗ ಉದಗೀರಿನಾಂವ, ಹೆಂಡ್ತಿ ತೀರಿಕೊಂಡಾಳ, ನೌಕರಿ ಪಕ್ಕಾ ಅದ.” ವಿಶಾಖಾ ಗೋಡೆ ನೋಡುತ್ತ ಕೂರುವಳು. ಸಂಜೆ ಬೀದರಿನ ಬಸ್ಸು ಹತ್ತಿದಾಗ ಅವಳಿಗೆ ಒಂದು ಬಗೆಯ ಬಿಡುಗಡೆ, ಮೈಲೂರಿನ ಖೋಲಿ ಸೇರಿದಾಗ ಮತ್ತೊಂದು ಬಗೆಯ ಸಂಕಟ.

ದೀಪಾವಳಿ ಕಳೆದು ಹಲಬರ್ಗಾದ ರಕ್ತಪರೀಕ್ಷೆಗಳು ಮುಗಿದವು. ಇನ್ನು ಔರಾದ ಕಡೆಯ ಹೊಂಡಗಳನ್ನು ನೋಡಬೇಕೆಂದು ಯೋಜನೆಯ ಮುಖ್ಯಸ್ಥರು ಹೇಳಿದರು. ವಿಶಾಖಾ ಅದನ್ನು ರೋಸಮ್ಮನಿಗೆ ತಿಳಿಸಿದಳು.

“ಅಂದ್ರ ನೀ ಇನ್ನ ಬರಂಗಿಲ್ಲ?”

“ಮೀನಿಗಿ ಏನರ ಆದ್ರ ಫೋನ್ ಮಾಡ್ರಿ ಆಂಟಿ, ಖಂಡಿತ ಬರ್ತೇನಿ.”

ಹೆಚ್ಚು ದಿನ ಆಗಿರಲಿಲ್ಲ, ಫೋನ್ ಬಂತು. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆಯಂತೆ. ವಿಶಾಖಾ ಹೋದಳು. ನೀರು ತಿಳಿಯಾಗಿತ್ತು, ಮೀನು ಚುರುಕಾಗಿದ್ದವು. ಮುಂಜಾನೆಯ ಮೋಡಕ್ಕೆ ನೀರಿನಲ್ಲಿ ಗಾಳಿ ಕಡಿಮೆಯಾಗಿ ಹಾಗಾಗಿರಬೇಕು ಎಂದು ಮಾದರಿ ತೆಗೆದುಕೊಂಡಳು. ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ಅದಾದ ಮೇಲೆ ಒಂದು ಮೀನಿನ ಪಕ್ಕೆಯಲ್ಲಿ ಕೆಂಪು ಕಾಣುತ್ತಿದೆ ಎಂದು ಮತ್ತೊಂದು ಫೋನ್. ಆ ಮೀನು ಬಲೆಗೆ ಸಿಗಲೇ ಇಲ್ಲ. ಎರಡೂ ಸಲ ರೊಟ್ಟಿ ಪಲ್ಯ ತಯಾರಿತ್ತು. ವಿಶಾಖಾ ಹೆಚ್ಚು ಯೋಚಿಸಲಿಲ್ಲ. ಯೋಚಿಸಲು ಅವಳಿಗೆ ಮನಸ್ಸೂ ಇರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಅವಳು ಔರಾದಿಗೆ ಹೊರಟಿದ್ದಳು. ಶಾಲುಬಾಯಿಯ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಮಗಳು ಬಂದು ನೋಡಲೆಂದು ಕಾದಿದ್ದಳು. ಬಸ್‌ಸ್ಟ್ಯಾಂಡಿನಲ್ಲಿದ್ದಾಗ ರೋಸಮ್ಮನ ಫೋನ್.

“ಒಂದು ಸತ್ತದ ವಿಶಾಖಾ. ಪಕ್ಕಡಿಗಿ ದೊಡ್ಡ ಗಾಯ ಅದ. ರೋಗ ಮತ್ತ ಬಂತಂತ ಕಾಣ್ತದ.”

ವಿಶಾಖಾ ತಾಯಿಗೆ ಫೋನ್ ಮಾಡಿದಳು. “ನಾಳಿ ನಾಡದು ಬರ್ತೇನಿ ಅವ್ವಾ. ಹಲಬರ್ಗಾದಾಗ ಮೀನಿಗಿ ರೋಗ ಬಂದಾದ.”

“ಮೀನಿಗಿ ನೀ ಬೇಕು, ನನಗ ಬ್ಯಾಡಾಗೀಯೇನು?” ಎಂದು ಶಾಲುಬಾಯಿ ಫೋನ್ ಇಟ್ಟುಬಿಟ್ಟಳು.

ಸತ್ತ ರೋಹು ಒಂದೇ. ಪಕ್ಕೆಯ ಮೇಲೆ ಉದ್ದಕ್ಕೆ ಒಂದು ಗಾಯ. ಉಳಿದ ಮೀನುಗಳಲ್ಲಿ ಯಾವ ಲಕ್ಷಣವೂ ಇರಲಿಲ್ಲ. ವಿಶಾಖಾ ಅದನ್ನು ಐಸಿನಲ್ಲಿಟ್ಟು ಬೀದರಿಗೆ ತಂದಳು. ಗಾಯದ ಅಂಚಿನ ಮಾಂಸವನ್ನು ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಡುವ ಹೊತ್ತಿಗೆ ವಾರವಾಯಿತು.

ಬದುಕಿರುವ ಮೈಗೆ ಗಾಯವಾದರೆ ಮೈ ಸುಮ್ಮನಿರುವುದಿಲ್ಲ. ರಕ್ತ ಅಲ್ಲಿಗೆ ನುಗ್ಗುತ್ತದೆ, ಬಿಳಿ ರಕ್ತಕಣಗಳು ಸುತ್ತಲೂ ಬಂದು ನೆರೆಯುತ್ತವೆ, ಮಾಂಸ ಊದಿಕೊಳ್ಳುತ್ತದೆ. ಒಂದೆರಡು ಗಂಟೆಯ ಗಾಯವಾದರೂ ಅದರ ಗುರುತು ಕಾಣುತ್ತದೆ. ಈ ಗಾಯದಲ್ಲಿ ಅಂಥದ್ದೇನೂ ಇರಲಿಲ್ಲ. ಮಾಂಸದ ಎಳೆಗಳು ಅಲಗಿನಿಂದ ಕೊಯ್ದಂತೆ ನೇರವಾಗಿ ತುಂಡಾಗಿದ್ದವು. ಒಂದು ಹನಿ ರಕ್ತ ಸೋರಿದ ಗುರುತಿಲ್ಲ. ಮೀನು ಸತ್ತ ಮೇಲೆ ಮಾಡಿದ ಗಾಯ ಅದು. ಮೂತ್ರಪಿಂಡದ ಮಾದರಿಯಲ್ಲೂ ಬ್ಯಾಕ್ಟೀರಿಯಾ ಇರಲಿಲ್ಲ. ರೋಗವಿಲ್ಲದ ಮೀನನ್ನು ನೀರಿನಿಂದ ಹೊರಗಿಟ್ಟು ಕೊಂದಿರಬೇಕು, ಆಮೇಲೆ ಚಾಕುವಿನಿಂದ ಗೀರಿದ್ದರು.

ವಿಶಾಖಾ ಮಾಂಸ ಇಟ್ಟಿದ್ದ ಆ ಗಾಜಿನ ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಮೊದಲು ಸಿಟ್ಟು ಬಂತು. ತಾಯಿಯ ಮುಖ ನೆನಪಾಗಿ ಸಿಟ್ಟು ಹೆಚ್ಚಾಯಿತು. ಅದರ ಕೆಳಗೆ ಇನ್ನೊಂದೇನೋ ಇತ್ತು. ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಆ ಫೋನ್ ಬಂದಾಗ, ಔರಾದಿಗೆ ಹೋಗುವುದು ತಪ್ಪಿತೆಂದು ಅವಳಿಗೆ ಒಳಗೊಳಗೆ ಖುಷಿಯಾಗಿತ್ತು. ಅದು ನೆನಪಿಗೆ ಬಂದಷ್ಟೂ ಅವಳಿಗೆ ರೋಸಮ್ಮನ ಮೇಲೆಯೇ ಕೋಪ ಬಂತು.

ಮರುದಿನ ರಜೆ ಹಾಕಿ ಹಲಬರ್ಗಾಕ್ಕೆ ಹೋದಳು. ರೋಸಮ್ಮ ಅಂಗಳದಲ್ಲಿ ತೊಗರಿ ಒಣಹಾಕುತ್ತಿದ್ದಳು. ಅವಳನ್ನು ಕಂಡು ಮುಖ ಅರಳಿತು.

“ಅರೇ! ನಾ ಫೋನ್ ಮಾಡಿದ್ದೇ ಇಲ್ಲಲ್ಲ! ಬಾ, ಬಾ. ಒಲಿ ಈಗ ಹೊತ್ತಸ್ತೇನಿ.”

“ಊಟ ಬ್ಯಾಡ್ರಿ ಆಂಟಿ. ಒಂದು ಮಾತು ಕೇಳಲಾಕ ಬಂದೀನಿ.” ವಿಶಾಖಾ ನಿಂತೇ ಹೇಳಿದಳು. “ಆ ಮೀನಿನ ಗಾಯ ಸತ್ತ ಮ್ಯಾಲ ಮಾಡಿದ್ದದ. ಅದಕ್ಕ ರೋಗ ಇದ್ದಿಲ್ಲ.”

ರೋಸಮ್ಮನ ಕೈ ತೊಗರಿಯ ಮೇಲೆ ನಿಂತಿತು.

“ಕಾಗಿ ಕುಕ್ಕಿರಬೇಕು.”

“ಕಾಗಿ ಕುಕ್ಕಿದ್ದಲ್ಲ ರಿ. ಚಾಕುದ್ದು. ಮೈಕ್ರೋಸ್ಕೋಪಿನಾಗ ಎಲ್ಲಾ ಕಾಣ್ತದ. ನಮ್ಮವ್ವನ ಕಣ್ಣಿನ ಆಪರೇಶನ್ ಆಗಿತ್ತು, ಆಕಿ ದಾರಿ ಕಾಯ್ಲತ್ತಿದ್ದಳು. ಆಕಿನ್ನ ಬಿಟ್ಟು ಬಂದೀನಿ ನಾ. ಸುಳ್ಳ ಯಾಕ ಹೇಳಿದ್ರಿ? ಛಲೋ ಇದ್ದ ಮೀನ ಯಾಕ ಕೊಂದ್ರಿ?”

ರೋಸಮ್ಮ ಎದ್ದು ಒಳಗೆ ಹೋದಳು. ಒಳಗಿನಿಂದ ಪಾತ್ರೆಯ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ಚಹಾದ ಕಪ್ಪು ಹಿಡಿದು ಬಂದಳು. ಅದನ್ನು ಕಟ್ಟೆಯ ಮೇಲಿಟ್ಟು, ವಿಶಾಖಾಳ ಮುಖ ನೋಡದೆ, “ಬಸ್ಸಿನ ಹೊತ್ತಾಗ್ಯಾದ. ಹೋಗ್ರಿ,” ಎಂದಳು.

‘ಹೋಗು’ ಎನ್ನಲಿಲ್ಲ, ‘ಹೋಗ್ರಿ’ ಎಂದಳು. ವಿಶಾಖಾ ಚಹಾ ಕುಡಿಯದೆ ಹೊರಟಳು. ಅವತ್ತು ಬಸ್ಸಿನವರೆಗೆ ಯಾರೂ ಜೊತೆಗೆ ಬರಲಿಲ್ಲ.

ಆಮೇಲೆ ಫೋನ್ ಬರಲಿಲ್ಲ. ಜನವರಿಯಲ್ಲಿ ಥಂಡಿ ಜೋರಾಯಿತು. ಕಮಠಾಣದ ಕಡೆ, ಔರಾದ ಕಡೆ ಹೊಂಡಗಳಿಗೆ ವಿಶಾಖಾ ತಿರುಗಿದಳು. ಅಲ್ಲಿಯ ರೈತರು ಮೀನು ಹಿಡಿದುಕೊಟ್ಟು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಕೆಲಸ ಬೇಗ ಮುಗಿಯುತ್ತಿತ್ತು. ತಾಯಿಯ ಕಣ್ಣಿಗೆ ಔಷಧ ಹಾಕಲು ಎರಡು ಸಲ ಊರಿಗೆ ಹೋಗಿ ಬಂದಳು. ತಾಯಿ ಸಮಾಧಾನವಾಗಿದ್ದಳು, ಹಳೆಯ ಮಾತು ಎತ್ತಲಿಲ್ಲ. ಭಾನುವಾರ ಸಂಜೆ ಹೊತ್ತು ಹೋಗದೆ ವಿಶಾಖಾ ಅಷ್ಟೂರಿನ ಕಡೆ ನಡೆದು, ಹಳೆಯ ಸುಲ್ತಾನರ ಗೋರಿಗಳ ಗುಂಬಜುಗಳ ಹಿಂದೆ ಕಡಲೆಯ ಹೊಲದ ಬದುವಿನಲ್ಲಿ ಕೂರುತ್ತಿದ್ದಳು. ಕೈಯಲ್ಲಿ ಫೋನ್ ಇರುತ್ತಿತ್ತು. ರೋಸಮ್ಮನ ಹೆಸರು ತೆಗೆದು ನೋಡಿ ಮತ್ತೆ ಮುಚ್ಚುವಳು. ಮೊದಲು ಮಾಡಬೇಕಾದವರು ಅವರು, ತಪ್ಪು ಅವರದು ಎಂದುಕೊಳ್ಳುವಳು.

ಫೆಬ್ರುವರಿಯಲ್ಲಿ ಮಾದರಿಗೆ ಮೀನು ಕೊಳ್ಳಲು ಮಾರ್ಕೆಟ್ಟಿಗೆ ಹೋದಾಗ ಶರಫೋದ್ದೀನ ತಕ್ಕಡಿಯಿಂದ ತಲೆ ಎತ್ತಿದ.

“ಹಲಬರ್ಗಾದ ರೋಸಮ್ಮ ಬಾಯಿಯವರ ಮೀನ ಪೂರಾ ಬರ್ಬಾದ್ ಆಗ್ಯಾವಲ್ರಿ ಮೇಡಂ. ನೀವ್ ನೋಡಲಾಕ ಹೋಗಿಲ್ಲೇನು?”

“ಏನ್ ಆಗ್ಯಾದ್ರಿ?”

“ಅದೇ ಕೆಂಪ ಹುಣ್ಣ. ಹೋದ ವಾರ ನಾ ಹೋಗಿದ್ದೆ. ತರಲಾಕ ಆಗಲಿಲ್ಲ, ಹಂಗೇ ವಾಪಸ್ ಬಂದೆ. ನಿಮಗ ಫೋನ್ ಮಾಡ್ರಿ ಅಂದ್ರ ಬಾಯಿ ಸುಮ್ಮನ ಕುಂತ್ರು.”

ವಿಶಾಖಾ ಕೊಂಡ ಮೀನನ್ನು ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದಳು.

ಹೊಲದ ಬದುವಿನಿಂದಲೇ ನಾತ ಬಡಿಯಿತು. ಚಾಂದ ಪಾಶಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಣಿ ತೋಡಿ, ಸತ್ತ ಮೀನನ್ನು ಬುಟ್ಟಿಯಲ್ಲಿ ತಂದು ಸುರಿದು ಮೇಲೆ ಸುಣ್ಣ ಹಾಕುತ್ತಿದ್ದ. ರೋಸಮ್ಮ ಹೊಂಡದ ದಂಡೆಯ ಮೇಲೆ ಕಲ್ಲಿನ ಮೇಲೆ ಕೂತಿದ್ದಳು. ಸೀರೆಗೆ ಇಸ್ತ್ರಿ ಇರಲಿಲ್ಲ. ವಿಶಾಖಾಳನ್ನು ನೋಡಿ ಏಳಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ.

“ಯಾರು ಹೇಳಿದರು?”

“ಶರಫೋದ್ದೀನ ಹೇಳಿದರು. ನನಗ ಯಾಕ ಫೋನ್ ಮಾಡಲಿಲ್ಲ ಆಂಟಿ?”

ರೋಸಮ್ಮ ನೀರಿನ ಕಡೆ ನೋಡುತ್ತಲೇ ಹೇಳಿದಳು. “ಸಂಕ್ರಾಂತಿ ಮುಂದ ಒಂದು ಗಾಡಿ ಮೀನಮರಿ ಮಾರ್ಲಾಕ ಬಂದಿತ್ತು. ಹೊಂಡ ಖಾಲಿ ಖಾಲಿ ಕಾಣ್ತದ, ಒಂದಿಷ್ಟು ಬಿಡೋಣಂತ ತಗೊಂಡೆ. ಹಳೀ ಮೀನಿನಾಗ ಹೊಸಾವು ಬಿಡಬೇಕೋ ಬ್ಯಾಡೋ ಅಂತ ನಿನಗ ಕೇಳಲಾಕ ಫೋನ್ ಕೈಯಾಗ ಹಿಡಿದಿದ್ದೆ. ಮತ್ತ ನೆವ ತಗದಾಳ ಅಂತ ಅಂತೀಯೇನೋ ಅನಿಸ್ತು. ಇಟ್ಟುಬಿಟ್ಟೆ.”

“ಸಾಯ್ಲತ್ತಿದ ಮ್ಯಾಲರ?”

“ಸಾಯ್ಲತ್ತಿದ ಮ್ಯಾಲ ಹೇಳಿದ್ರ ನೀ ನಂಬ್ತಿದ್ದೇನು?”

ವಿಶಾಖಾ ನಂಬುತ್ತಿದ್ದೆ ಎನ್ನಬೇಕೆಂದುಕೊಂಡಳು, ಖರೆಯೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ.

ಚಪ್ಪಲಿ ಬಿಟ್ಟು ಚಾಂದ ಪಾಶಾನೊಂದಿಗೆ ನೀರಿಗಿಳಿದಳು. ಸತ್ತವುಗಳಲ್ಲಿ ಬಹುಪಾಲು ಹೊಸ ಮರಿಗಳು. ಥಂಡಿಯಲ್ಲಿ, ಗಾಡಿಯಲ್ಲಿ ಒತ್ತೊತ್ತಾಗಿ ಬಂದು ಬಳಲಿದ್ದ ಮರಿಗಳಿಗೆ ಈ ಹೊಂಡದ ರೋಗದ ಪರಿಚಯವೇ ಇರಲಿಲ್ಲ. ಹಳೆಯ ಮೀನುಗಳು ಗುಣವಾಗಿದ್ದರೂ ಅವುಗಳೊಳಗೆ ಬ್ಯಾಕ್ಟೀರಿಯಾ ಅಡಗಿ ಉಳಿದಿತ್ತು. ಹೊಸ ಮರಿಗಳನ್ನು ಉಪ್ಪುನೀರಿನಲ್ಲಿ ಅದ್ದಿ, ಬೇರೆ ತೊಟ್ಟಿಯಲ್ಲಿ ಕೆಲವು ದಿನ ಇಡಬೇಕಿತ್ತು, ಥಂಡಿ ಕಳೆದ ಮೇಲೆ ಸ್ವಲ್ಪಸ್ವಲ್ಪವೇ ಬಿಡಬೇಕಿತ್ತು. ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಮಾತು. ಮರಿಗಳು ಸತ್ತು ನೀರು ಕೊಳೆತ ಮೇಲೆ ಹಳೆಯ ಮೀನುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಹೋದವು.

ಉಳಿದವನ್ನು ಸಂಜೆಯವರೆಗೆ ಹಿಡಿದು ಹಿತ್ತಲಿನ ಸಿಮೆಂಟು ತೊಟ್ಟಿಗೆ ಹಾಕಿದರು. ರೋಸಮ್ಮ ಯಾವಾಗಲೋ ಬಂದು, ಯಾರೂ ಹೇಳದೆಯೇ ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದುಕೊಂಡು ಕೂತಿದ್ದಳು. ವಿಶಾಖಾ ರಕ್ತ ತೆಗೆದುಕೊಂಡಳು. ಆ ಪರೀಕ್ಷೆಯಲ್ಲಿ ಎಲ್ಲ ಕುಣಿಗಳಲ್ಲೂ ಬ್ಯಾಕ್ಟೀರಿಯಾ ಜಾಳಗಿಯಂತೆ ಹರಡಿದವು; ಉಳಿದ ಮೀನುಗಳಿಗೆಲ್ಲ ರೋಗದ ಗುರುತಿತ್ತು. ಯೋಜನೆಯ ಮುಖ್ಯಸ್ಥರು ಅದನ್ನು ಬಹಳ ಒಳ್ಳೆಯ ಫಲಿತಾಂಶ ಎಂದರು. ಅವತ್ತು ವಿಶಾಖಾಳಿಗೆ ಊಟ ಸೇರಲಿಲ್ಲ.

ಹೊಂಡದ ನೀರನ್ನೆಲ್ಲ ತೆಗೆದು, ತಳಕ್ಕೆ ಸುಣ್ಣ ಹಾಕಿ, ಬಿಸಿಲಿಗೆ ಒಣಬಿಡಬೇಕಾಯಿತು. ಆ ಕೆಲಸ ನಡೆದ ದಿನ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು.

“ನಾ ಅವತ್ತು ಹಂಗ ಮಾತಾಡಬಾರದಿತ್ತು ಆಂಟಿ,” ಎಂದಳು ವಿಶಾಖಾ.

“ನೀ ಖರೇನೇ ಮಾತಾಡಿದಿ. ಸುಳ್ಳ ಹೇಳಿದಾಕಿ ನಾ.” ರೋಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಆ ಮೀನ ಕೈಯಾಗ ಹಿಡಕೊಂಡಾಗ ಭಾಳ ಒದ್ದಾಡ್ತು. ನೀರಿಗಿ ಬಿಡಬೇಕಂತ ಎರಡ ಸಲ ಎದ್ದೆ. ಬಿಡಲಿಲ್ಲ. ಅದರ ಸಲುವಾಗಿ ಎಷ್ಟ ಪ್ರಾರ್ಥನಾ ಮಾಡೀನೋ ಗೊತ್ತಿಲ್ಲ.”

“ಮೀನ ಇರಲಿ ಬಿಡಲಿ, ನೀವು ಫೋನ್ ಮಾಡ್ರಿ. ಸುಮ್ಮನೇ ಮಾಡ್ರಿ.”

“ಸುಮ್ಮನೇ ಫೋನ್ ಮಾಡಲಾಕ ನನಗ ಬರಂಗಿಲ್ಲವ್ವಾ. ಆಯುಷ್ಯ ಪೂರಾ ಯಾರಿಗೋ ಜ್ವರ ಬಂದ್ರ ಅವರ ಅಪ್ಪಗ ಫೋನ್ ಮಾಡೀನಿ, ಫೀಸ್ ಬರದಿದ್ರ ಮಾಡೀನಿ, ಅಕ್ಕಿ ತೀರಿದ್ರ ಮಾಡೀನಿ. ಸುಮ್ಮನೇ ಮಾಡಿದ್ರ ಏನಂತ ಮಾತಾಡಬೇಕು?”

ವಿಶಾಖಾ ಯೋಚಿಸಿದಳು. ಏನಂತ ಮಾತಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

“ಹಂಗಾರ ನಾ ಬರ್ತೇನಿ,” ಎಂದಳು.

ಮುಂದಿನ ಭಾನುವಾರ ಅವಳು ಐಸಿನ ಡಬ್ಬಿ ಇಲ್ಲದೆ ಬಂದಳು. ಕೈಯಲ್ಲಿ ಏನೂ ಇಲ್ಲದೆ ಆ ದಾರಿ ನಡೆಯುವುದು ಅವಳಿಗೆ ವಿಚಿತ್ರವೆನಿಸಿತು. ಯಾರಾದರೂ ಎಲ್ಲಿಗೆಂದು ಕೇಳಿದರೆ ಹೇಳಲು ಮಾತಿರಲಿಲ್ಲ. ರೋಸಮ್ಮ ಆಗಷ್ಟೇ ಚರ್ಚಿನಿಂದ ಬಂದಿದ್ದಳು. ಊಟವಾಯಿತು. ರೊಟ್ಟಿ ಸಾಕೆಂದಾಗ ರೋಸಮ್ಮ ಒತ್ತಾಯ ಮಾಡಲಿಲ್ಲ. ಇಬ್ಬರಿಗೂ ಒಂದು ಬಗೆಯ ನಾಚಿಕೆ. ಇಷ್ಟು ದಿನ ಅವರು ಆಡಿದ್ದೆಲ್ಲ ಮೀನಿನ ಮಾತು, ಇಲ್ಲವೆ ಮೀನಿನಿಂದ ಹೊರಟ ಮಾತು. ಈಗ ಒಬ್ಬರು ಬಿಸಿಲಿನ ಮಾತು ತೆಗೆದರೆ ಇನ್ನೊಬ್ಬರು ಹೌದೆನ್ನುವರು, ಅಲ್ಲಿಗೆ ಮುಗಿಯುವುದು.

“ತೊಟ್ಟಿಯಾಗಿನಾವು ಛಲೋ ಅವ. ರಕ್ತ ಏನರ ತಗೊಳ್ಳೋದದೇನು?”

“ಇಲ್ಲ ಆಂಟಿ.”

“ಹಂ.”

ಹೊರಗೆ ಒಣಗಿದ ಹೊಂಡದ ತಳ ಸುಣ್ಣದಿಂದ ಬೆಳ್ಳಗಿತ್ತು, ಅಲ್ಲಲ್ಲಿ ಬಿರುಕು ಬಿಡತೊಡಗಿತ್ತು. ದೂರದಲ್ಲಿ ಭಾಲ್ಕಿಯ ಕಡೆ ಹೋಗುವ ರೈಲು ಕೂಗಿತು. ವಿಶಾಖಾ ಅದನ್ನೇ ಕೇಳುತ್ತ, ಬೇಗ ಹೊರಟುಬಿಡಲೇ ಎಂದು ಯೋಚಿಸಿ ತಿರುಗಿ ನೋಡಿದರೆ, ರೋಸಮ್ಮ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಹುಡುಗಿಯರ ಹಾಸ್ಟೆಲಿನಲ್ಲಾಗಲಿ, ಈ ಹೊಲದ ಮನೆಯಲ್ಲಾಗಲಿ ಹಗಲು ಹೀಗೆ ಕಣ್ಣು ಮುಚ್ಚಿದ ಹೆಂಗಸಲ್ಲ ಅವಳು ಎಂದು ವಿಶಾಖಾಳಿಗೆ ಅನ್ನಿಸಿತು.

ಅವಳು ಎದ್ದು, ಸಪ್ಪಳವಾಗದಂತೆ ತಟ್ಟೆಗಳನ್ನು ತೊಳೆದಿಟ್ಟಳು. ತೊಟ್ಟಿಯ ಮೀನಿಗೆ ಹಿಂಡಿ ಹಾಕಿ ಬಂದಳು. ಬಸ್ಸಿನ ಹೊತ್ತಾಯಿತು. ಎಬ್ಬಿಸದೆ ಹೋಗುವುದು ಸರಿಯಲ್ಲ, ಎಬ್ಬಿಸುವುದೂ ಸರಿಯಲ್ಲ. ಬಾಗಿಲ ಹತ್ತಿರದ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಳು. ಆ ಬಸ್ಸು ಹೋಯಿತು.

ಎಚ್ಚರಾದಾಗ ರೋಸಮ್ಮ ಗಾಬರಿಯಾದಳು. “ಅಯ್ಯ, ನನಗ ಎಬ್ಬಸಬಾರದೇನು? ಒಬ್ಬಾಕಿನ್ನೇ ಕುಂದ್ರಸಿ ಮಲ್ಕೊಂಡೆ ನೋಡು.”

“ಇರಲಿ ಆಂಟಿ. ನನಗ ಬ್ಯಾಸರ ಆಗಲಿಲ್ಲ.”

ಚಹಾ ಕುಡಿದು, ಮುಂದಿನ ಬಸ್ಸಿಗೆ ಹೊರಟರು.

ಜೂನಿನಲ್ಲಿ ಮಳೆ ಬಂದ ಮೇಲೆ ರೋಸಮ್ಮ ಹೊಂಡಕ್ಕೆ ಮೊದಲಿಗಿಂತ ಕಡಿಮೆ ಮರಿ ಬಿಟ್ಟಳು. ತೊಟ್ಟಿಯ ಹಳೆಯ ಮೀನುಗಳನ್ನು ಅವುಗಳ ಜೊತೆ ಸೇರಿಸಲಿಲ್ಲ; ಬಿಡುವ ಮೊದಲು ಫೋನ್ ಮಾಡಿ ಕೇಳಿದಳು. ಅಷ್ಟರಲ್ಲಿ ವಿಶಾಖಾಳ ಯೋಜನೆ ಮುಗಿದು, ಬೀದರಿನದೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಮೈಲೂರಿನ ಖೋಲಿ ಅದೇ, ಬೀಗ ಅದೇ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಅವಳು ಹಲಬರ್ಗಾಕ್ಕೆ ಹೋಗುತ್ತಾಳೆ. ಕೆಲವು ಭಾನುವಾರ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಯಾಕೋ ಬೇಡವೆನಿಸಿ ತಿರುಗಿ ಬಂದದ್ದೂ ಉಂಟು. ಹೋದ ದಿನ ರೋಸಮ್ಮ ಊಟದ ನಂತರ ತನ್ನ ಕುರ್ಚಿಯಲ್ಲಿ ಕೂರುತ್ತಾಳೆ, ವಿಶಾಖಾ ಚಾಪೆಯ ಮೇಲೆ. ಹೊಂಡದಲ್ಲಿ ಮೀನು ನೆಗೆದರೆ ಇಬ್ಬರೂ ಆ ಕಡೆ ನೋಡುತ್ತಾರೆ, ಆಮೇಲೆ ಮತ್ತೆ ಸುಮ್ಮನಾಗುತ್ತಾರೆ.